ಹಳೆ ಮಿಷಿನಿಗೆ ಹೊಸ ತಲೆ

ಕಳೆದ ಡಿಸೆಂಬರಿನಲ್ಲಿ ಮಡಿಕೇರಿಯಿಂದ ನಾಪೋಕ್ಲಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ದಾರಿಯ ಯಾವುದೋ ಎಸ್ಟೇಟಿನಲ್ಲಿ ಪಲ್ಪಿಂಗ್ ಶುರುವಾಗಿತ್ತು. ಕಾಫಿ ಹಣ್ಣಿನ ಸಿಪ್ಪೆ ಹುಳಿತ ವಾಸನೆ ಒಳಗೆ ನುಗ್ಗಿದ್ದೇ ತಡ, ಪ್ರವಾಸಕ್ಕೆ ಬಂದ ನಾಲ್ಕಾರು ಮಂದಿ ಮೂಗಿಗೆ ಕರ್ಚೀಫು ಒತ್ತಿಕೊಂಡರು. ಪಕ್ಕದಲ್ಲಿದ್ದ ಹುಡುಗಿ ಕಿಟಕಿ ಎಳೆಯಲು ಕೈ ಚಾಚಿದಳು. "ಸ್ವಲ್ಪ ಹೊತ್ತು ಇರ್ಲಿ ಬಿಡಮ್ಮ" ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೈ ಹಿಂದಕ್ಕೆ ತೆಗೆದಳು. ಆ ಹುಳಿ ವಾಸನೆಗೆ ನನಗೆ ನೆನಪಾಗುವುದು ಕಾಫಿಯಲ್ಲ, ಕೆಸರಿನಲ್ಲಿ ಮಲಗಿದ ಭತ್ತ. ಬಸ್ಸಿನಲ್ಲಿ ಕೂತು ಯಾರಿಗೆ ತಾನೇ ಇದನ್ನು ವಿವರಿಸಲಿ. ನಾಪೋಕ್ಲಿನಲ್ಲಿ ನಾನು ಕಳೆದ ಒಂದೇ ಒಂದು ಕೊಯ್ಲಿನ ಕಾಲವನ್ನು ಮೊದಲಿನಿಂದ ಹೇಳಬೇಕಾಗುತ್ತದೆ.

ನಾನು ಶನಿವಾರಸಂತೆ ಕಡೆಯವಳು. ಡಿಪ್ಲೊಮಾ ಓದಿ, ರೈತರಿಗೆ ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೇಂದ್ರವೊಂದಕ್ಕೆ ಮೇಲ್ವಿಚಾರಕಿಯಾಗಿ ಆ ವರ್ಷ ನಾಪೋಕ್ಲಿಗೆ ಬಂದಿದ್ದೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ; ನಾನೂ ಹಾಗೆಯೇ. ಸ್ಪ್ಯಾನರುಗಳಿಗೆಲ್ಲ ಪೇಂಟಿನಲ್ಲಿ ನಂಬರು ಬರೆಸಿದೆ, ಎಣ್ಣೆ ಡಬ್ಬಗಳನ್ನು ಎತ್ತರದ ಪ್ರಕಾರ ಜೋಡಿಸಿದೆ, ಪ್ರತಿ ಯಂತ್ರದ ಕೈಪಿಡಿಯನ್ನೂ ಕೆಂಪು ಗೆರೆ ಎಳೆದು ಓದಿದೆ. ಮಿಷಿನ್ ಓಡಿಸುವ ಸೆಲ್ವ ಎಸ್ಟೇಟಿನ ಕೂಲಿಗಳ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವನು, ಮೂವತ್ತು ದಾಟಿದವನು. ಅವನು ನನ್ನ ಡಬ್ಬಗಳ ಸಾಲನ್ನು ನೋಡಿ ದಿನಾ ಕೈ ಮುಗಿದು ಒಳಗೆ ಬರುತ್ತಿದ್ದ. ಭಕ್ತಿಯಿಂದಲ್ಲ ಎಂದು ನನಗೂ ಗೊತ್ತಿತ್ತು.

ಕೇಂದ್ರದ ಕೊಯ್ಲು ಯಂತ್ರ ಹಳೆಯದು. ಟೈರಿನ ಬದಲು ರಬ್ಬರಿನ ಅಗಲ ಪಟ್ಟಿಗಳ ಮೇಲೆ ತೆವಳುವಂಥದ್ದು. ಚೈನ್ ಮಿಷಿನ್ ಎನ್ನುತ್ತಾರೆ. ಈಗಿನವುಗಳಷ್ಟು ತೂಕವಿಲ್ಲ. ಎಂಥ ಕೆಸರಿನಲ್ಲೂ ಎಮ್ಮೆಯ ಹಾಗೆ ನಿಧಾನಕ್ಕೆ ಹೋಗಿ ನಿಧಾನಕ್ಕೆ ಬರುತ್ತಿತ್ತು. ಆದರೆ ಅದರ ತಲೆ ಸತ್ತಿತ್ತು. ತಲೆ ಅಂದರೆ ಮುಂದಿನ ಭಾಗ: ಪೈರನ್ನು ಬಾಚಿ, ಬುಡ ಕತ್ತರಿಸಿ, ಒಳಕ್ಕೆ ದೂಡುವ ಭಾಗ. ಅದರ ಬಾಚುವ ಚಕ್ರಕ್ಕೆ ಇದ್ದದ್ದು ಬರೀ ಪಟ್ಟಿಗಳು. ನಿಂತ ಪೈರನ್ನು ಹೇಗೋ ಎಳೆದುಕೊಳ್ಳುತ್ತಿತ್ತು, ಮಲಗಿದ ಪೈರನ್ನು ಮುಟ್ಟುತ್ತಲೂ ಇರಲಿಲ್ಲ. ಶೆಡ್ಡಿನ ಮೂಲೆಯಲ್ಲಿ ಇನ್ನೊಂದು ತಲೆ ಇತ್ತು, ಹೊಚ್ಚ ಹೊಸದು, ಚಕ್ರದ ತುಂಬ ಬೆರಳಿನಂಥ ಉಕ್ಕಿನ ಕಡ್ಡಿಗಳು. ಮಳೆಗಾಲದಲ್ಲಿ ಬೇರೊಂದು ಕೇಂದ್ರದ ಹೊಸ ಮಿಷಿನಿನ ಮೇಲೆ ಮರ ಬಿದ್ದು ಮೈಯೆಲ್ಲ ಜಜ್ಜಿಹೋಗಿತ್ತು. ಬಿಚ್ಚಿ ಪಕ್ಕಕ್ಕಿಟ್ಟಿದ್ದರಿಂದ ತಲೆ ಮಾತ್ರ ಉಳಿದು ನಮ್ಮಲ್ಲಿಗೆ ಬಂದಿತ್ತು. ಮೈ ಇದ್ದದ್ದಕ್ಕೆ ತಲೆಯಿಲ್ಲ, ತಲೆ ಇದ್ದದ್ದಕ್ಕೆ ಮೈಯಿಲ್ಲ. ಎರಡನ್ನೂ ನಾನು ದಾಸ್ತಾನು ಪುಸ್ತಕದಲ್ಲಿ ಬೇರೆ ಬೇರೆ ಪುಟದಲ್ಲಿ ಬರೆದು ನೆಮ್ಮದಿಯಾಗಿದ್ದೆ.

ಆ ವರ್ಷ ಹುತ್ತರಿ ತಡವಾಗಿ ಬಂತು. ಹೊಸ ಕದಿರು ತೆಗೆಯುವ ಮುಂಚೆ ಗದ್ದೆಗೆ ಕತ್ತಿ ಹಾಕುವಂತಿಲ್ಲ ಎಂದು ಹೊಳೆಬದಿಯ ಕೆಲವು ಮನೆಗಳಲ್ಲಿ ಇನ್ನೂ ಕಟ್ಟುನಿಟ್ಟು. ಹಬ್ಬವೇನೋ ಚೆನ್ನಾಗಿಯೇ ಆಯಿತು. ಅದಾದ ಮರುದಿನದಿಂದ ಹಿಡಿದ ಮಳೆ ಐದು ದಿನ ಬಿಡದೆ ನಿಂತ ಪೈರನ್ನು ಕೆಸರಿಗೆ ಮಲಗಿಸಿತು. ಕಾಫಿ ಹಣ್ಣು ಗಿಡದಲ್ಲೇ ಒಡೆದು ಉದುರತೊಡಗಿತು. ಊರಿನ ಕೈಗಳೆಲ್ಲ ಪಿಕ್ಕಿಂಗಿಗೆ ಓಡಿದವು. ಮಳೆ ನಿಂತ ದಿನ ಬೆಳಿಗ್ಗೆ ಮುತ್ತಮ್ಮ ಎನ್ನುವವರು ಕೇಂದ್ರಕ್ಕೆ ಬಂದು, ನಾನು ತೋರಿಸಿದ ಕುರ್ಚಿಯಲ್ಲಿ ಕೂರದೆ, ಮೇಜಿನ ಮೇಲೆ ಒಂದು ಭತ್ತದ ತೆನೆ ಇಟ್ಟರು.

"ನೋಡಿ ಮೇಡಂ, ಇದು ಎಂತ ಹೇಳಿ."

ತೆನೆಯ ಎರಡು ಕಾಳುಗಳ ತುದಿಯಲ್ಲಿ ಸೂಜಿಮೊನೆಯಷ್ಟು ಬಿಳಿ ಮೊಳಕೆ ಇಣುಕಿತ್ತು.

ಮುತ್ತಮ್ಮನಿಗೆ ಐವತ್ತರ ಮೇಲೆ. ಎತ್ತರದ ಆಳು, ದೊಡ್ಡ ದನಿ, ಎದುರಿಗೆ ಸಿಕ್ಕವರನ್ನು ಛೇಡಿಸದೆ ಬಿಟ್ಟವರಲ್ಲ. ಎಲ್ಲರೂ ಮುತ್ತಕ್ಕ ಎನ್ನುತ್ತಿದ್ದರು. ಹೊಳೆಯ ಪಕ್ಕ ಎರಡು ಎಕರೆ ಗದ್ದೆ. ಅದರಲ್ಲಿ ಅವರ ಅತ್ತೆಯ ಕಾಲದಿಂದ ಬಂದ ಸಣ್ಣ ಕಾಳಿನ, ಘಮಘಮಿಸುವ ಭತ್ತ. ಸುತ್ತಲಿನವರು ಒಬ್ಬೊಬ್ಬರಾಗಿ ಬೇರೆ ತಳಿಗೆ ಹೋಗಿದ್ದರು. ಆದರೂ ಒಂದೊಂದು ಮೂಲೆಯಲ್ಲಿ ಹಬ್ಬದ ಪಾಯಸಕ್ಕೆಂದು ಇದನ್ನು ಬೆಳೆಯುವವರಿದ್ದರು, ಅವರೆಲ್ಲ ಬಿತ್ತನೆಗೆ ಬರುತ್ತಿದ್ದದ್ದು ಮುತ್ತಕ್ಕನ ಪತ್ತಾಯಕ್ಕೆ, ಭತ್ತ ತುಂಬಿಡುವ ಮರದ ಪೆಟ್ಟಿಗೆಗೆ. ಬೇರೆಲ್ಲೂ ಆ ಬೀಜ ಉಳಿದಿರಲಿಲ್ಲ.

"ಅಕ್ಕಿಯಾದ್ರೆ ಅಂಗಡೀಲಿ ಸಿಗ್ತದೆ" ಎಂದರು. "ಈ ಬಿತ್ತ ಯಾವ ಅಂಗಡೀಲಿ ಸಿಗ್ತದೆ? ಹೊರಗಿನ ಟೈರ್ ಮಿಷಿನ್‌ನವನು ಬಂದ, ಗದ್ದೆ ನೋಡಿದ, ಹೋದ. ಕೊಯ್ಲಿಕ್ಕೆ ಜನ ಇಲ್ಲ. ಇನ್ನೊಂದು ವಾರ ಹಿಂಗೇ ಮಲಗಿದ್ರೆ ಎಲ್ಲ ಅಲ್ಲೇ ಮೊಳಕೆ. ಅಲ್ಲಿಗೆ ಅದರ ಕಥೆ ಮುಗೀತು."

ನಮ್ಮ ಮಿಷಿನಿಗೆ ಮಲಗಿದ ಪೈರು ಎತ್ತುವ ತಲೆಯಿಲ್ಲ ಎಂದೆ. ಅವರು ಮೂಲೆಗೆ ಬೆರಳು ಮಾಡಿ, "ಅದೆಂತದು, ತೋಟದ ಬೇಲಿಯಾ?" ಎಂದು ಕೇಳಿದರು. ಇದು ಬೇರೆ ಮಿಷಿನಿನದ್ದು, ಕೂರುವುದಿಲ್ಲ ಎಂದೆ. ಅವರ ಎದುರೇ ಕಂಪನಿಗೆ ಫೋನು ಮಾಡಿದೆ. ಆ ಕಡೆಯಿಂದಲೂ ಅದೇ ಉತ್ತರ, ಇಂಗ್ಲಿಷಿನಲ್ಲಿ. ಫೋನು ಇಟ್ಟಾಗ ನನಗೆ ಒಂಥರಾ ಸಮಾಧಾನವೇ ಆಯಿತು, ನಾನು ಹೇಳಿದ್ದೇ ಸರಿ ಎಂದು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮುತ್ತಕ್ಕ ಕೋಪಿಸಿಕೊಳ್ಳಲಿಲ್ಲ. "ಗಾಳಿಬೀಡಿನ ಕುಶಾಲಪ್ಪನಿಗೆ ಹೇಳಿ ಕಳಿಸ್ತೇನೆ. ನೀವು ಶೆಡ್ಡಿಗೆ ಬೀಗ ಹಾಕ್ಬೇಡಿ, ಅಷ್ಟೇ" ಎಂದು ತೆನೆಯನ್ನು ನನ್ನ ಮೇಜಿನ ಮೇಲೇ ಬಿಟ್ಟು ಹೋದರು.

ಕುಶಾಲಪ್ಪ ಮರುದಿನದ ಮೊದಲ ಬಸ್ಸಿಗೇ ಬಂದರು. ಅರವತ್ತರ ಹತ್ತಿರದ ತೆಳ್ಳನೆಯ ಮನುಷ್ಯ, ಕನ್ನಡಕಕ್ಕೆ ದಾರ, ಹೆಗಲಿಗೆ ರೇಷನ್ ಚೀಲ. ಎಸ್ಟೇಟಿನಿಂದ ಎಸ್ಟೇಟಿಗೆ ಹೋಗಿ ಪಲ್ಪರ್ ರಿಪೇರಿ ಮಾಡುವವರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ ಫಿಟ್ಟರ್. ಕೊಯ್ಲು ಮಿಷಿನನ್ನು ಅವರು ಅಷ್ಟು ಹತ್ತಿರದಿಂದ ನೋಡುತ್ತಿದ್ದದ್ದೇ ಅದು ಮೊದಲು. ಅದನ್ನು ಮುಚ್ಚಿಡಲೂ ಇಲ್ಲ. "ನಂಗೆ ಇದು ಗೊತ್ತಿಲ್ಲ ಮೇಡಂ. ಯಾವುದು ಎಂತ ಮಾಡ್ತದೆ ಅಂತ ಒಂದ್ಸಲ ಹೇಳಿಕೊಡಿ" ಎಂದರು.

ನಾನು ಹುಮ್ಮಸ್ಸಿನಿಂದ ಕೈಪಿಡಿ ತೆರೆದು ಒಂದು ಗಂಟೆ ಪಾಠ ಮಾಡಿದೆ. ಅವರು ಪುಸ್ತಕ ನೋಡಲಿಲ್ಲ. ನಾನು ಹೆಸರು ಹೇಳಿದ ಪ್ರತಿ ಭಾಗದ ಮೇಲೂ ಅಂಗೈ ಇಟ್ಟು, ಹಸುವಿನ ಮೈ ಸವರಿದ ಹಾಗೆ ಸವರಿ, ಮುಂದಕ್ಕೆ ಹೋಗುತ್ತಿದ್ದರು. ಕೊನೆಗೆ ಚೀಲದಿಂದ ಗಂಟು ಹಾಕಿದ ಹುರಿ ತೆಗೆದು ಹಳೆ ಮಿಷಿನಿನ ಬಾಯಿ ಅಳೆದರು, ಹೊಸ ತಲೆಯ ಕುತ್ತಿಗೆ ಅಳೆದರು. ನಾನು ಟೇಪು ಕೊಟ್ಟೆ. "ಟೇಪು ನಂಬರ್ ಹೇಳ್ತದೆ. ನಂಗೆ ನಂಬರ್ ಬೇಡ, ಎಷ್ಟು ಕಮ್ಮಿ ಅಂತ ಗೊತ್ತಾದ್ರೆ ಸಾಕು" ಎಂದರು. ನನ್ನ ಹತ್ತಿರ ಕನ್ನಡ, ತಮ್ಮಷ್ಟಕ್ಕೆ ಮಾತಾಡುವಾಗ ಮನೆಯ ಅರೆಭಾಷೆ. "ನಾಲ್ಕ್ ಬೆರಳ್ ಕಮ್ಮಿ ಉಟ್ಟು" ಎಂದು ಮಿಷಿನಿಗೆ ಹೇಳಿದರು.

ಆ ನಾಲ್ಕು ಬೆರಳನ್ನು ತುಂಬಲು ಎರಡು ದಿನ ಹಿಡಿಯಿತು. ಹಳೆ ತಲೆಯ ಹಿಂಬದಿಯ ಚೌಕಟ್ಟನ್ನು ಕತ್ತರಿಸಿ ತೆಗೆದು, ಅದಕ್ಕೆ ದಪ್ಪ ತಗಡು ಬೆಸೆದು, ಹೊಸ ತಲೆಗೆ ಕುತ್ತಿಗೆಯಂತೆ ಕೂರಿಸಿದರು. ಒಂದು ಕಡೆ ಹಳೆಯ ಕೊಕ್ಕೆ, ಇನ್ನೊಂದು ಕಡೆ ಹೊಸ ಬೋಲ್ಟು. ಬೆಸುಗೆ ಹಾಕುವಾಗ ಹತ್ತಿರ ಯಾರೂ ಮಾತಾಡುವಂತಿರಲಿಲ್ಲ. ಹಾಕಿದ ಮೇಲೆ ಸುತ್ತಿಗೆಯಿಂದ ತಟ್ಟಿ, ತಲೆ ಓರೆ ಮಾಡಿ ಸದ್ದು ಕೇಳುತ್ತಿದ್ದರು. ಮನಸ್ಸಿಗೆ ಬಾರದಿದ್ದರೆ ಕೆರೆದು ತೆಗೆದು ಮತ್ತೆ ಮೊದಲಿಂದ. ಅಷ್ಟು ಚೆಂದದ ಬೆಸುಗೆಯನ್ನು ನಾನು ನನ್ನ ಕಾಲೇಜಿನ ವರ್ಕ್‌ಶಾಪಿನಲ್ಲೂ ಕಂಡಿರಲಿಲ್ಲ. ಹೊಗಳಿದರೆ, "ಅದು ಕಾಣ್ಲಿಕ್ಕೆ ಅಲ್ಲ ಮೇಡಂ, ಬಿಡದೆ ಇರ್ಲಿಕ್ಕೆ" ಎಂದರು. ಹೊಸ ತಲೆ ಭಾರ ಹೆಚ್ಚು, ಮಿಷಿನ್ ಮೂಗು ಕೆಳಗೆ ಮಾಡಿತು. ಹಿಂದೆ ನಾಲ್ಕು ಮರಳಿನ ಚೀಲ ಕಟ್ಟಿದೆವು.

ಮೂರನೆಯ ದಿನ ಗದ್ದೆಗೆ ಇಳಿಸಿದೆವು. ಸೆಲ್ವ ಮೇಲೆ ಕೂತ, ಮುತ್ತಕ್ಕ ಬದುವಿನ ಮೇಲೆ ನಿಂತರು. ಉಕ್ಕಿನ ಬೆರಳುಗಳು ಕೆಸರಿಗೆ ಅಂಟಿದ ಪೈರನ್ನು ಎತ್ತಿದಾಗ ನನ್ನ ಎದೆ ಹಿಗ್ಗಿತು. ಎರಡು ಮಾರು ಹೋಗುವಷ್ಟರಲ್ಲಿ ಮುತ್ತಕ್ಕ ಕೈ ಎತ್ತಿ ನಿಲ್ಲಿಸಿದರು. ಚಕ್ರ ಪೈರನ್ನು ಎತ್ತುತ್ತಿರಲಿಲ್ಲ, ಬಡಿಯುತ್ತಿತ್ತು. ಕೆಸರಿನ ಮೇಲೆಲ್ಲ ಕಾಳಿನ ಸುರಿಮಳೆ. ಆ ಭತ್ತದ ಗುಣವೇ ಅದು, ಸ್ವಲ್ಪ ಮುಟ್ಟಿದರೂ ಉದುರುತ್ತದೆ.

"ಇದಕ್ಕಿಂತ ಹಂದಿ ಬಂದು ತಿಂದಿದ್ರೆ ಚೆನ್ನಾಗಿತ್ತು. ಅದರ ಹೊಟ್ಟೆಯಾದ್ರೂ ತುಂಬ್ತಿತ್ತು" ಎಂದರು ಮುತ್ತಕ್ಕ. ನಗಿಸಲು ಹೇಳಿದ ಮಾತಾಗಿದ್ದರೂ ಅವರ ಮುಖದಲ್ಲಿ ನಗು ಇರಲಿಲ್ಲ.

ಕುಶಾಲಪ್ಪ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಸೆಲ್ವನಿಗೆ ಇನ್ನೊಂದು ಮಾರು ಓಡಿಸಲು ಹೇಳಿದರು. ಕಣ್ಣು ಚಕ್ರದ ಮೇಲೆ. ಆಮೇಲೆ ನನ್ನನ್ನು ಕರೆದರು. "ಹೊಸ ಮಿಷಿನ್ ಜೋರು ಹೋಗ್ತದೆ, ಅದಕ್ಕೆ ಸರಿಯಾಗಿ ಚಕ್ರಾನೂ ಜೋರು. ನಮ್ಮದು ಈ ಕೆಸರಲ್ಲಿ ತೆವಳ್ತದೆ. ಮೈ ನಿಧಾನ ಹೋಗುದು ತಲೆಗೆ ಗೊತ್ತಿಲ್ಲ ಅಲ್ವಾ. ಅದಕ್ಕೆ ತಿಳಿಸ್ಬೇಕು." ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎನ್ನುವ ಮಾತನ್ನು ನಾನು ಎಷ್ಟು ಸಲ ಕೇಳಿದ್ದೆನೋ. ಅದನ್ನು ಕಣ್ಣಾರೆ ಕಂಡದ್ದು ಅಂದೇ. ಚಕ್ರಕ್ಕೆ ಚೈನು ಕೂರುವ ಹಲ್ಲುಗಾಲಿಯನ್ನು ದೊಡ್ಡದು ಮಾಡಿದರೆ ವೇಗ ಇಳಿಯುತ್ತದೆ ಎಂಬುದು ನನಗೆ ಓದಿ ಗೊತ್ತಿತ್ತು. ಆ ಅಳತೆಯ ಗಾಲಿ ತರಿಸಬೇಕಾದರೆ ಹತ್ತು ದಿನ ಎಂಬುದೂ ಗೊತ್ತಿತ್ತು. ಪುಸ್ತಕದ ಬದನೆಕಾಯಿ ಸಾರಿಗೆ ಬರುವುದಿಲ್ಲ.

ಕುಶಾಲಪ್ಪ ಸಿಕ್ಕಿದ ಜೀಪು ಹತ್ತಿ ಹೋದರು. ಮರುದಿನ ಬೆಳಿಗ್ಗೆ ಬಂದಾಗ ಜೀಪಿನ ಹಿಂದೆ ಸೈಕಲ್ ಚಕ್ರದಷ್ಟು ದೊಡ್ಡ ಎರಕದ ಪುಲ್ಲಿ, ಜೊತೆಗೆ ಕ್ಯಾನ್ವಾಸಿನ ಹಳೆ ಪಟ್ಟೆ ಬೆಲ್ಟು. ಯಾವುದೋ ಎಸ್ಟೇಟಿನ ಪಲ್ಪಿಂಗ್ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಪಲ್ಪರಿನದ್ದು, ಯಜಮಾನರ ಹತ್ತಿರ ಕೇಳಿ ಬಿಚ್ಚಿ ತಂದದ್ದು. ವರ್ಷಗಟ್ಟಲೆ ಕಾಫಿ ಸಿಪ್ಪೆಯ ರಸ ಕುಡಿದಿದ್ದ ಬೆಲ್ಟು ಶೆಡ್ಡಿನ ತುಂಬ ಹುಳಿ ವಾಸನೆ ಹರಡಿತು. ನಾನು ಮೂಗು ಮುಚ್ಚಿಕೊಂಡೆ. ಚೈನು ಹಾಕಬೇಕಾದ ಕಡೆ ಬೆಲ್ಟು ಹಾಕಿದರೆ ಜಾರುತ್ತದೆ ಎಂದು ತಕರಾರನ್ನೂ ಎತ್ತಿದೆ.

"ಜಾರ್ಲಿ ಅಂತಲೇ ಹಾಕುದು ಮೇಡಂ" ಎಂದರು ಅವರು. "ಚಕ್ರ ಬದುವಿಗೋ ಕಲ್ಲಿಗೋ ತಾಗ್ತು ಅಂತ ಇಟ್ಕೊಳ್ಳಿ. ಚೈನ್ ಆದ್ರೆ ಕಡ್ಡಿ ಮುರಿದು ಹಾಕ್ತದೆ. ಇದು ಜಾರಿ ಸುಮ್ಮನಾಗ್ತದೆ."

ಇಂಥದ್ದನ್ನು ಯೋಚಿಸುವ ಮನುಷ್ಯ ನಾಲ್ಕು ದಿನದ ಹಿಂದೆ ಈ ಯಂತ್ರವನ್ನೇ ನೋಡಿರಲಿಲ್ಲ.

ಹಾಗೆಂದು ಅವರು ತಪ್ಪೇ ಮಾಡಲಿಲ್ಲ ಎಂದೇನಲ್ಲ. ಪುಲ್ಲಿ ಕೂರಿಸಿ, ಬೆಲ್ಟು ಏರಿಸಿ, ಗದ್ದೆಗೆ ಇಳಿಸಿ, ಸೆಲ್ವ ಗೇರು ಹಾಕಿದ. ಚಕ್ರ ಎಷ್ಟು ನಿಧಾನವಾಗಿ, ಎಷ್ಟು ಗಾಂಭೀರ್ಯದಿಂದ ತಿರುಗಿತೆಂದರೆ ನಾವೆಲ್ಲ ಚಪ್ಪಾಳೆ ತಟ್ಟುವುದೊಂದು ಬಾಕಿ. ಆದರೆ ಅದು ತಿರುಗುತ್ತಿದ್ದದ್ದು ಹಿಂದುಮುಂದಾಗಿ. ಪೈರನ್ನು ಒಳಕ್ಕೆ ಎಳೆದುಕೊಳ್ಳುವ ಬದಲು, ಬೇಡ ಬೇಡ ಹೋಗು ಎನ್ನುವಂತೆ ಮುಂದಕ್ಕೆ ತಳ್ಳುತ್ತಿತ್ತು. ಕುಶಾಲಪ್ಪ ಬೆಲ್ಟನ್ನು ಎಂಟರ ಆಕಾರದಲ್ಲಿ ಅಡ್ಡ ತಿರುವಿ ಹಾಕಿದ್ದರು. ಅವರು ಕೆಲಸ ಮಾಡಿದ ಹಳೆ ಪಲ್ಪಿಂಗ್ ಮನೆಗಳಲ್ಲಿ ಬೆಲ್ಟು ಹಾಕುವುದೇ ಹಾಗೆ. ಇಂಜಿನ್ ತಿರುಗುವ ದಿಕ್ಕೊಂದು, ಪಲ್ಪರ್ ತಿರುಗಬೇಕಾದ ದಿಕ್ಕೊಂದು. ನಲವತ್ತು ವರ್ಷದ ಅಭ್ಯಾಸ, ಕೈ ತಾನಾಗಿ ತಿರುವಿಬಿಟ್ಟಿತ್ತು.

"ಕುಶಾಲಪ್ಪ, ಇದು ಭತ್ತ. ಕಾಫಿ ಅಲ್ಲ" ಎಂದು ಮುತ್ತಕ್ಕ ಬದುವಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಕುಶಾಲಪ್ಪ ತಮ್ಮ ಕೈಗಳನ್ನೇ ನೋಡಿಕೊಂಡು, "ಇವಕ್ಕೆ ಯಾರು ಹೇಳುದು" ಎಂದರು. ಬೆಲ್ಟನ್ನು ನೇರ ಮಾಡಲು ಐದು ನಿಮಿಷ ಸಾಕಾಯಿತು.

ಆಮೇಲೆ ನಾನು ಕಂಡದ್ದನ್ನು ಹೇಗೆ ಹೇಳಲಿ. ಉಕ್ಕಿನ ಬೆರಳುಗಳು ನೀರಿನೊಳಕ್ಕೆ ಇಳಿದು, ಮಲಗಿದ್ದ ಪೈರಿನ ಅಡಿಗೆ ಹೋಗಿ, ನಿದ್ದೆಯ ಮಗುವನ್ನು ಎತ್ತಿದ ಹಾಗೆ ಎತ್ತಿದವು. ಪೈರು ಒಂದು ಕ್ಷಣ ನೆಟ್ಟಗೆ ನಿಂತಂತೆ ಕಂಡು ಬುಡ ಕತ್ತರಿಸಿಕೊಂಡು ಒಳಗೆ ಹೋಯಿತು. ಕೆಸರಿನ ಮೇಲೆ ಬಿದ್ದ ಕಾಳನ್ನು ಬೆರಳೆಣಿಕೆಯಲ್ಲಿ ಲೆಕ್ಕ ಹಾಕಬಹುದಿತ್ತು. ಮುತ್ತಕ್ಕ ನಗು ನಿಲ್ಲಿಸಿ ಎದ್ದು ನಿಂತರು, ಮಿಷಿನಿನ ಪಕ್ಕ ಪಕ್ಕಕ್ಕೇ ಮೊಣಕಾಲುದ್ದ ಕೆಸರಿನಲ್ಲಿ ಗದ್ದೆಯ ಆ ತುದಿಯವರೆಗೂ ನಡೆದರು.

ಆದರೆ ಆ ದಿನದ ದೊಡ್ಡ ತಪ್ಪು ಬೆಲ್ಟಿನದ್ದಲ್ಲ, ನನ್ನದು. ಮಿಷಿನಿನ ಹೊಟ್ಟೆಯಲ್ಲಿ ಕಾಳು ಬಿಡಿಸುವ ಡ್ರಮ್ಮಿದೆ. ಡ್ರಮ್ಮಿಗೂ ಅದರ ಕೆಳಗಿನ ಜಾಲರಿಗೂ ನಡುವಿನ ಸಂದನ್ನು ನಾನೇ ಹಿಂದಿನ ದಿನ ಕೈಪಿಡಿ ನೋಡಿ, ಒದ್ದೆ ಭತ್ತಕ್ಕೆ ಹೇಳಿದ ಪ್ರಕಾರ ಕಿರಿದು ಮಾಡಿದ್ದೆ. ಅಷ್ಟಾದರೂ ನನ್ನ ಪಾಲು ಇರಲಿ ಎಂದು. ಮೊದಲ ಟ್ಯಾಂಕು ತುಂಬಿದಾಗ ಕುಶಾಲಪ್ಪ ಒಂದು ಹಿಡಿ ಭತ್ತ ಅಂಗೈಗೆ ಹಾಕಿಕೊಂಡು, ಕನ್ನಡಕ ಸರಿ ಮಾಡಿಕೊಂಡು, ಒಂದೊಂದಾಗಿ ಹೊರಳಿಸಿ ನೋಡಿದರು.

"ಕಚ್ಚಿದೆ ಮೇಡಂ."

"ಏನು ಕಚ್ಚಿದೆ?"

"ಪಲ್ಪರ್ ಸಂದು ಬಿಗಿಯಾದ್ರೆ ಕಾಫಿ ಬೀಜಕ್ಕೆ ಗಾಯ ಆಗ್ತದೆ. ನಾವು ಕಚ್ಚಿದ್ದು ಅಂತೇವೆ. ಇಲ್ಲಿ ನೋಡಿ, ಈ ತುದೀಲಿ."

ಕೆಲವು ಕಾಳುಗಳ ಹೊಟ್ಟು ತುದಿಯಲ್ಲಿ ಸೀಳಿತ್ತು. ಮೊಳಕೆ ಬರುವ ತುದಿ. ನಾನು ಒಪ್ಪಲಿಲ್ಲ. "ಬುಕ್ಕಲ್ಲಿ ಹಿಂಗೇ ಐತೆ. ಇಷ್ಟು ಪರ್ಸೆಂಟು ಹಂಗೆ ಆಗೇ ಆಗುತ್ತೆ" ಎಂದೆ. ಸಿಟ್ಟು ಬಂದರೆ ನನ್ನ ಶನಿವಾರಸಂತೆಯ ಮಾತು ಹೊರಗೆ ಬರುತ್ತದೆ. ಕುಶಾಲಪ್ಪ ದನಿ ಏರಿಸಲಿಲ್ಲ. "ಬುಕ್ಕು ಬರೆದವರು ಊಟಕ್ಕೆ ಬರೆದಿದ್ದಾರೆ. ಇದು ಬಿತ್ತಲಿಕ್ಕೆ. ಸಂದು ಅಗಲ ಮಾಡಿದ್ರೆ ಹುಲ್ಲಲ್ಲಿ ನಾಲ್ಕು ಕಾಳು ಉಳೀತದೆ, ಉಳೀಲಿ. ದನ ತಿಂತದೆ. ಕಚ್ಚಿದ ಬಿತ್ತ ಯಾರಿಗಾಗ್ತದೆ?"

ಮುತ್ತಕ್ಕ ಇಬ್ಬರ ಮುಖವನ್ನೂ ನೋಡುತ್ತಿದ್ದರು. ಅವರಿಗೆ ಮಿಷಿನ್ ಗೊತ್ತಿರಲಿಲ್ಲ. ಬೀಜದ ಭತ್ತವನ್ನು ಅಷ್ಟು ವರ್ಷ ಕಣದಲ್ಲಿ ಕೈಯಿಂದಲೇ ಬಡಿದವರು. ಆ ನೋಟಕ್ಕೆ ನನ್ನ ಅಹಂಕಾರ ಕರಗಿತು. ಸ್ಪ್ಯಾನರ್ ತಂದು ನಾನೇ ಸಂದು ಅಗಲ ಮಾಡಿದೆ. ಆ ಮೊದಲ ಟ್ಯಾಂಕಿನ ಭತ್ತವನ್ನು ಊಟಕ್ಕೆಂದು ಬೇರೆ ಹಾಕಿಸಿದೆವು. ಇಡೀ ಗದ್ದೆ ಮುಗಿಯಲು ಎರಡು ದಿನ ಹಿಡಿಯಿತು. ಮೂರನೆಯ ದಿನ ಮತ್ತೆ ಮೋಡ ಕಟ್ಟಿತಾದರೂ ಅಷ್ಟರಲ್ಲಿ ಭತ್ತ ಮುತ್ತಕ್ಕನ ಮನೆಯ ಜಗಲಿ ತುಂಬ ಹರಡಿತ್ತು.

ಇಷ್ಟಾದರೂ ಬೀಜ ಉಳಿಯಿತೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಸುಮಾರು ಹತ್ತು ದಿನ ನೀರಿನಲ್ಲಿ ಮಲಗಿದ್ದ ಭತ್ತ, ಮೇಲೆ ಮಿಷಿನಿನ ಪೆಟ್ಟು. ಬಿಸಿಲಿಗೆ ಚೆನ್ನಾಗಿ ಒಣಗಿದ ಮೇಲೆ ಜನವರಿಯಲ್ಲಿ ಮುತ್ತಕ್ಕ ಎರಡೂ ರಾಶಿಯಿಂದ ನೂರು ನೂರು ಕಾಳು ಎಣಿಸಿ ನೆನೆಸಿ, ಬೇರೆ ಬೇರೆ ಬಟ್ಟೆಯಲ್ಲಿ ಕಟ್ಟಿ, ಒಲೆಯ ಹತ್ತಿರದ ಬೆಚ್ಚನೆಯ ಮೂಲೆಯಲ್ಲಿಟ್ಟರು. ಬಿಚ್ಚುವ ದಿನ ಬರಬೇಕೆಂದು ನಮಗೆ ಹೇಳಿ ಕಳಿಸಿದರು. ಪಲ್ಪಿಂಗಿನ ಭರಾಟೆಯ ನಡುವೆ ಒಂದು ದಿನದ ಕೆಲಸ ಬಿಟ್ಟು ಕುಶಾಲಪ್ಪ ಗಾಳಿಬೀಡಿನಿಂದ ಬಂದರು. ಒಗೆದ ಅಂಗಿ ಹಾಕಿದ್ದರು. ನಾನು ಪರೀಕ್ಷೆಯ ಫಲಿತಾಂಶಕ್ಕೂ ಅಷ್ಟು ಹೆದರಿದವಳಲ್ಲ.

ಮೊದಲು ಬಿಚ್ಚಿದ್ದು ನನ್ನ ಸಂದಿನ ಭತ್ತ. ಅರ್ಧಕ್ಕರ್ಧ ಹಾಗೇ ಸುಮ್ಮನೆ ಮಲಗಿತ್ತು. ಯಾರೂ ನನ್ನ ಮುಖ ನೋಡಲಿಲ್ಲ, ಅದೇ ದೊಡ್ಡ ಉಪಕಾರ. ಎರಡನೆಯ ಗಂಟನ್ನು ಮುತ್ತಕ್ಕ ಬೆಳಕಿನ ಕಡೆ ತಿರುಗಿ ಬಿಚ್ಚಿದರು. ಬಟ್ಟೆ ತೆರೆದರೆ ಒಳಗೆ ಎಲ್ಲ ಬಿಳಿ. ಎಳೆ ಎಳೆ ಬೇರು ಬಟ್ಟೆಯ ನೂಲಿಗೆ ಹೆಣೆದುಕೊಂಡು ಬಿಡಿಸಲು ಬಾರದಷ್ಟು. ಮುತ್ತಕ್ಕ ಎಣಿಸಲು ಶುರು ಮಾಡಿ, ಅರ್ಧಕ್ಕೇ ಬಿಟ್ಟು, ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಅವರು ಛೇಡಿಸದೆ ಇದ್ದ ಒಂದೇ ಗಳಿಗೆ ಅದು.

ಅಕ್ಕಿ ರೊಟ್ಟಿ ತಿಂದು ಕಾಫಿ ಕುಡಿದಾಯಿತು. ಹೊರಡುವ ಹೊತ್ತಿಗೆ ಕುಶಾಲಪ್ಪ ಮೆಟ್ಟಿಲ ಮೇಲೆ ನಿಂತು, ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿ, "ಮುತ್ತಕ್ಕ, ಈ ಬಿತ್ತ ನಂಗೂ ಬೇಕಿತ್ತು" ಎಂದರು.

"ನಿಮಗೆ ಗದ್ದೆ ಉಂಟಾ?" ಎಂದು ಮುತ್ತಕ್ಕ ಕೇಳಿದರು. ನಾನೂ ಅದನ್ನೇ ಕೇಳಬೇಕೆಂದಿದ್ದೆ. ಅಷ್ಟು ದಿನ ಜೊತೆಯಲ್ಲಿ ಕೆಲಸ ಮಾಡಿದರೂ ಅವರು ಆ ಮಾತು ಎತ್ತಿರಲಿಲ್ಲ.

"ಉಂಟು, ಒಂದು ಎಕರೆ. ಕೊಯ್ಲಿಕ್ಕೆ ಜನ ಸಿಗುದಿಲ್ಲ ಅಂತ ಹಾಳು ಬಿಟ್ಟದ್ದು. ಹತ್ತು ವರ್ಷ ಆಯ್ತು. ಈಗ ಆಳುದ್ದ ಹುಲ್ಲು ನಿಂತಿದೆ." ನನ್ನ ಕಡೆ ತಿರುಗಿದರು. "ಮೇಡಂ, ಮಿಷಿನ್ ಗಾಳಿಬೀಡಿಗೆ ಬರ್ತದಾ?"

ಇನ್ನೊಬ್ಬರ ಗದ್ದೆಗೆಂದು ಹಗಲಿಡೀ ಕಬ್ಬಿಣದ ಜೊತೆ ಗುದ್ದಾಡಿದ ಮನುಷ್ಯ ತನ್ನದಕ್ಕೆ ಕೇಳುವಾಗ ಅಷ್ಟು ಸಂಕೋಚಪಟ್ಟದ್ದು ನೋಡಿ, ಬರುತ್ತದೆ ಎಂದೆ. ಮುತ್ತಕ್ಕ ಒಳಗೆ ಹೋಗಿ ಸೇರು ತಂದರು. ಎಷ್ಟು ಬೇಕೆಂದು ಕೇಳಲಿಲ್ಲ. ಒಂದು ಎಕರೆಗೆ ಆಗುವಷ್ಟನ್ನು ಗೋಪುರ ಮಾಡಿ ಮಾಡಿ ಅಳೆದು ಅವರ ಚೀಲಕ್ಕೆ ಸುರಿದರು.

ಮಾರ್ಚಿನಲ್ಲಿ ನನಗೆ ವರ್ಗವಾಯಿತು. ಮುಂದಿನ ಕೊಯ್ಲಿಗೆ ನಾನು ಅಲ್ಲಿರುವುದಿಲ್ಲ, ಆ ಕುರ್ಚಿಯಲ್ಲಿ ಬೇರೆ ಯಾರೋ ಇರುತ್ತಾರೆ, ಅವರೂ ಕೈಪಿಡಿ ಓದುವವರೇ. ಕೊನೆಯ ದಿನ ಬಾಡಿಗೆಯ ಹೊಸ ರಿಜಿಸ್ಟರು ತೆರೆದು, ಮೊದಲ ಪುಟದ ಮೊದಲ ಸಾಲಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದೆ: ಕುಶಾಲಪ್ಪ, ಗಾಳಿಬೀಡು, ಒಂದು ಎಕರೆ, ಬಿತ್ತನೆ ಭತ್ತ. ಸಂದು ಎಷ್ಟಿರಬೇಕೆಂದು ಅವರನ್ನೇ ಕೇಳುವುದು.